ಅಣ್ಣನ ಅಂಗಿ

ಹಸಿ ಸಿಮೆಂಟಿನ ವಾಸನೆ ಬಂದರೆ ಇಂದಿಗೂ ಆ ಮಧ್ಯಾಹ್ನ ನೆನಪಾಗುತ್ತದೆ.

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರ ಗಾಜಿನ ಕಟ್ಟಡ ಏಳುತ್ತಿತ್ತು. ಕಲಬುರಗಿ ಕಡೆಯಿಂದ ಕೂಲಿಗೆ ಬಂದ ನಾವು ಅದರ ಬುಡದಲ್ಲೇ ತಗಡಿನ ಶೆಡ್ಡಿನಲ್ಲಿದ್ದೆವು. ಆ ಮಧ್ಯಾಹ್ನ ಅವ್ವ ನನ್ನ ಜಡೆ ಕತ್ತರಿಸಿ, ಅಣ್ಣನ ಅಂಗಿ ತೊಡಿಸಿದಳು.

“ಯಾರರ ಹೆಸರು ಕೇಳಿದ್ರ ಮಲ್ಲು ಅನ್ನು.”

“ನಾ ಹುಡುಗಿ ಅಲ್ಲೇನವ್ವಾ?”

“ಇಲ್ಲಿ ಅಲ್ಲ.”

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ನನ್ನ ಕಿವಿಯ ತೂತನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. “ಲಡಕಾ ಹೈ ಕ್ಯಾ?”

“ಹೌದ್ರಿ ಸಾಹೇಬ್ರ, ಗಂಡು ಹುಡುಗ. ಹರಕಿ ಇತ್ತು, ಕಿವಿ ಚುಚ್ಚಿಸೀವಿ,” ಎನ್ನುತ್ತ ಅವ್ವ ನನ್ನನ್ನು ತನ್ನತ್ತ ಎಳೆದುಕೊಂಡಳು.

ಅವನು ನಕ್ಕು ಪಕ್ಕದ ಶೆಡ್ಡಿನತ್ತ ನಡೆದ. ಅಲ್ಲಿ ನನ್ನ ಗೆಳತಿ ರೇಣುಕಾ ಒಬ್ಬಳೇ ಕೂತು ಕೂದಲು ಬಾಚಿಕೊಳ್ಳುತ್ತಿದ್ದಳು. ಅವಳನ್ನು ಕೂಗಲು ಹೊರಟ ನನ್ನ ಬಾಯಿಯನ್ನು ಅವ್ವ ಎರಡೂ ಕೈಯಿಂದ ಒತ್ತಿ ಹಿಡಿದಳು.