ಹೊಸಿಲ ಆಚೆಯ ಒಡಪು

ಪರದೇಶಕ್ಕೆ ಬಂದು ಹನ್ನೊಂದು ತಿಂಗಳಾದರೂ ಕಸ್ತೂರಿಗೆ ಅಲ್ಲಿ ನೆಲೆಸುವ ಪರವಾನಗಿ ಸಿಕ್ಕಿರಲಿಲ್ಲ. ಗಂಡ ಹಾಕಿದ ಅರ್ಜಿಯನ್ನು ಅಧಿಕಾರಿ ನಂಬಿದರೆ ಉಳಿಯಬಹುದು. ಇಲ್ಲವಾದರೆ ತವರಿಗೆ ಮರಳಬೇಕು. ಇವತ್ತು ಅಧಿಕಾರಿ ತನ್ನ ಕೋಣೆಯಲ್ಲಿ ಅವಳೊಬ್ಬಳನ್ನೇ ವಿಚಾರಣೆಗೆ ಕೂರಿಸಿಕೊಂಡಿದ್ದ; ಗಂಡ ಬಾಗಿಲಾಚೆ ಕಾಯುತ್ತಿದ್ದ.

"ಗಂಡನ ಹೆಸರೇನಂತ ಕೇಳಾಕತ್ತಾರ," ಎಂದಳು ದುಭಾಷಿ, ಧಾರವಾಡದ ಕಡೆಯ ಹೆಂಗಸು.

ಗಂಡನ ಹೆಸರನ್ನು ಬರಿದೇ ಹೇಳುವ ರೂಢಿ ಕಸ್ತೂರಿಯ ಊರಲ್ಲಿರಲಿಲ್ಲ; ಪ್ರಾಸದ ಎರಡು ಸಾಲಿನಲ್ಲಿ ಹೆಣೆದು, ಒಡಪು ಕಟ್ಟಿಯೇ ಹೇಳಬೇಕು. "ಹಂಗ ಹ್ಯಾಂಗ ಹೇಳಲಿ, ಅಕ್ಕಾ?"

"ಒಡಪಿನಾಗ ಹೇಳವಾ. ನಾ ತಿಳಿಸಿ ಹೇಳ್ತೀನಿ."

ಇಲ್ಲಿಗೆ ಬಂದಿಳಿದ ದಿನ, 'ನಿನಗಂತನ ಕಟ್ಟೀನಿ' ಎಂದು ಗಂಡನೇ ಕಲಿಸಿದ್ದ ಒಡಪು ನಾಲಿಗೆಯ ಮೇಲಿತ್ತು.

"ಕಡಲ ದಾಟಿ ಬಂದೀನಿ, ಕೈಯಾಗ ಹಸಿರು ಬಳಿ,
ಗುರುಪಾದರ ಹೆಸರಿದ್ರ ಹತ್ತೋದಿಲ್ಲ ಚಳಿ."

ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ತಡವರಿಸಿದಳು. ಅಧಿಕಾರಿ ಮಾತ್ರ ಮನಸಾರೆ ನಕ್ಕು, ಕಾಗದಕ್ಕೆ ಮುದ್ರೆ ಒತ್ತಿ ಎದ್ದು ಹೋದ.

"ಆತಲ್ಲಕ್ಕಾ? ಇನ್ನ ನನ್ನ ಯಾರೂ ಅವರ ಮನಿ ಬಿಡಸಾಂಗಿಲ್ಲ, ಹೌದಿಲ್ಲೋ?"

ದುಭಾಷಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಮೂರು ವರ್ಷದ ಹಿಂದ ಇದೇ ಕುರ್ಚಿಯಾಗ ಕುಂತು ಇನ್ನೊಬ್ಬಾಕಿ ಇದೇ ಒಡಪು, ಇದೇ ಹೆಸರು ಹೇಳಿದ್ಲು, ತಂಗಿ. ಆಮ್ಯಾಲೆ ಆಕಿನ್ನ ಯಾರೂ ನೋಡಿಲ್ಲ."