ಹಳೇ ಗೈರುಹಾಜರಿ

"ನೀನೆಲ್ಲಿ ಹಳೇ ವಿದ್ಯಾರ್ಥಿ ಆಗ್ತೀಯಪ್ಪ? ನೀನು ಹಳೇ ಗೈರುಹಾಜರಿ."

ಮೆಡಿಕಲ್ ಶಾಪಿನವನು ಇದನ್ನು ಮೆಲ್ಲಗೆ ಹೇಳಲಿಲ್ಲ. ಹೈಸ್ಕೂಲು ಮೈದಾನದ ಸುತ್ತ ನಿಂತವರಿಗೆಲ್ಲ ಕೇಳಲಿ ಎಂದೇ ಹೇಳಿದ. ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕೂತಿದ್ದ ಹಿರಿಯರೂ ನಕ್ಕುಬಿಟ್ಟರು. ಹಳೇ ವಿದ್ಯಾರ್ಥಿಗಳಿಗೂ ಈಗಿನ ಹುಡುಗರಿಗೂ ವರ್ಷಕ್ಕೊಮ್ಮೆ ನಡೆಯುವ ವಾಲಿಬಾಲ್ ಪಂದ್ಯ ಅದು. ಹತ್ತನೇ ಕ್ಲಾಸು ಮುಗಿಸಿದವನು ಮಾತ್ರ ಹಳೇ ವಿದ್ಯಾರ್ಥಿ ಎಂಬ ನಿಯಮ ಮೆಡಿಕಲ್ ಶಾಪಿನವನದೇ. ಓದುವಾಗಲೂ ಅವನೇ ಕ್ಯಾಪ್ಟನ್, ಈಗಲೂ ಅವನೇ. ನಿಯಮ ಮಾಡುವುದೆಂದರೆ ಅವನಿಗೆ ಊಟಕ್ಕಿಂತ ರುಚಿ.

ಬೈಸಿಕೊಂಡವನು ವೆಲ್ಡರ್. ಊರಿಗೆಲ್ಲ ಕೆಂಡ ಎಂದೇ ಪರಿಚಯ. ವೆಲ್ಡಿಂಗ್ ಕಿಡಿಯಿಂದ ಬಂದ ಹೆಸರಲ್ಲ, ಮೂಗಿನ ತುದಿಯ ಸಿಟ್ಟಿನಿಂದ ಬಂದದ್ದು. ಒಂಬತ್ತನೇ ಕ್ಲಾಸಿನಲ್ಲಿ ಅವನಿದ್ದ ತಂಡ ಫೈನಲಿಗೆ ಬಂದ ವಾರವೇ ಅಪ್ಪ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಮಗ ಚೆಂಡು ಬಿಟ್ಟು ಅಪ್ಪನ ಕಪ್ಪು ಕನ್ನಡಕ ಏರಿಸಿಕೊಂಡ. ಅತ್ತ ಫೈನಲ್ ನಡೆಯುವಾಗ ಇತ್ತ ಅವನು ಯಾರದೋ ಮನೆಯ ಗೇಟಿಗೆ ಸರಳು ಕೂಡಿಸುತ್ತಿದ್ದ. ತಂಡ ಸೋತಿತು. ಆವತ್ತಿನಿಂದ ಅವನ ಹೊಟ್ಟೆಯೊಳಗೆ ಕೂತ ಆಸೆ ಒಂದೇ: ಇದೇ ಮೈದಾನದಲ್ಲಿ, ಶಾಲೆಯವನು ಅನ್ನಿಸಿಕೊಂಡು ಒಂದೇ ಒಂದು ಆಟ ಆಡಬೇಕು. ಈ ಸಲ ಹೊಸ ಕ್ಯಾನ್ವಾಸ್ ಶೂ ಬೇರೆ ಹಾಕಿಕೊಂಡು ಬಂದಿದ್ದ.

ಗೋಡೆಯ ಮೇಲೆ ಆಗಲೇ ವಾದ ಹತ್ತಿಕೊಂಡಿತ್ತು. ಆ ವರ್ಷ ಇವನಿದ್ದಿದ್ದರೆ ಕಪ್ ನಮ್ಮದೇ ಆಗ್ತಿತ್ತು ಎಂದು ಟೈಲರ್. ಇವನಿದ್ದಿದ್ದರೆ ರೆಫ್ರಿಯ ಕಾಲರ್ ಹಿಡಿದು ಇನ್ನೂ ಬೇಗ ಸೋಲಿಸ್ತಿದ್ದ ಎಂದು ಬೇಕರಿಯವರು. ತಂಡ ಅಂದರೆ ನಮ್ಮ ಕಾಲದ್ದು, ಕಾಲಿಗೆ ಶೂ ಇಲ್ಲ, ಚೆಂಡಿಗೆ ಗಾಳಿ ಇಲ್ಲ, ಆದರೂ ಗೆದ್ದೆವು ಎಂದು ರಿಟೈರಾದ ಪೋಸ್ಟ್‌ಮ್ಯಾನ್. ಯಾರ ಮೇಲೆ ಗೆದ್ದಿರಿ ಎಂದು ಕೇಳಿದರೆ ಅದೊಂದು ಮಾತ್ರ ಅವರಿಗೆ ನೆನಪಿರಲಿಲ್ಲ.

ಕೆಂಡನಿಗೆ ಇದ್ಯಾವುದೂ ಕಿವಿಗೆ ಬೀಳಲಿಲ್ಲ. ಮುಷ್ಟಿ ಬಿಗಿದು ಹೆಜ್ಜೆ ಮುಂದಿಟ್ಟಿದ್ದ. ಅಷ್ಟರಲ್ಲಿ ಪಿ.ಟಿ. ಮೇಷ್ಟ್ರು ಸೀಟಿ ಊದಿದರು.

"ಲೇ ಕೆಂಡ, ಶಾಲೆ ಬಿಟ್ಟಾಗ ಟಿ.ಸಿ. ತಗೊಂಡಿದ್ಯಾ?"

"ಇಲ್ಲ ಸಾರ್. ಗೇಟು ಮಾಡೋನ ಹತ್ರ ಯಾರು ಟಿ.ಸಿ. ಕೇಳ್ತಾರೆ?"

"ಹಾಗಿದ್ರೆ ನೀನಿನ್ನೂ ಶಾಲೆ ಬಿಟ್ಟೇ ಇಲ್ಲ ಕಣೋ. ಒಂಬತ್ತನೇ ಕ್ಲಾಸು. ಹುಡುಗರ ಕಡೆ ಒಬ್ಬನಿಗೆ ಕಾಲು ಉಳುಕಿದೆ, ಬಾ ಈ ಕಡೆ."

ಮೆಡಿಕಲ್ ಶಾಪಿನವನು ಇದು ಅನ್ಯಾಯ ಎಂದು ಕೂಗಾಡಿದ. ಅವನು ಹಳೇ ವಿದ್ಯಾರ್ಥಿ ಅಲ್ಲ ಅಂತ ನೀನೇ ತೀರ್ಪು ಕೊಟ್ಟೆಯಲ್ಲ, ಈಗ ಅನುಭವಿಸು ಎಂದು ಮೇಷ್ಟ್ರು ಅವನ ಬಾಯಿ ಮುಚ್ಚಿಸಿದರು. ಕುರಿಮರಿಗಳ ನಡುವೆ ಎತ್ತು ಕಟ್ಟಿದ ಹಾಗೆ ಕೆಂಡ ಹುಡುಗರ ಮಧ್ಯೆ ನಿಂತ. ಪಕ್ಕದ ಚೋಟುದ್ದದ ಹುಡುಗನೊಬ್ಬ ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಅಣ್ಣ ಅನ್ನಲಾ, ಹೆಸರು ಹಿಡಿದು ಕರೀಲಾ? ನಾನೂ ಒಂಬತ್ತನೇ ಕ್ಲಾಸೇ."

ಕೆಂಡನ ಮೊದಲ ಸರ್ವೀಸು ನೆಟ್ಟಿಗೆ ಬಡಿಯಿತು. ಎರಡನೆಯದು ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಬಿದ್ದು, ನಾಯಿಯೊಂದು ಎದ್ದು ಓಡಿತು. ನೋಡಿದ್ರಾ, ನಾನು ಹೇಳಲಿಲ್ವಾ ಎಂದರು ಬೇಕರಿಯವರು. ಆದರೆ ಹುಡುಗರು ಬೈಯಲಿಲ್ಲ, ಇನ್ನೊಂದು ಹೊಡಿ ಎಂದರು. ಕೈ ನಿಧಾನಕ್ಕೆ ಹಳೆಯ ದಾರಿ ಹಿಡಿಯಿತು. ಕೊನೆಗೆ ಅಂಕ ಸಮಸಮ ಬಂದು ನಿಂತು, ಇನ್ನೊಂದು ಅಂಕ ಯಾರಿಗೋ ಗೆಲುವು ಅವರಿಗೆ ಎಂದಾದಾಗ, ಕೆಂಡ ಹಿಂದಿನ ಗೆರೆಯಿಂದ ಓಡಿಬಂದು ಜೀವ ಬಿಟ್ಟು ಹೊಡೆದ. ಚೆಂಡು ಆ ಕಡೆಯ ಅಂಕಣದ ಮೇಲೆ ಬಾಗಿದ್ದ ಮರದ ಕೊಂಬೆಗೆ ನುಗ್ಗಿತು.

ಬೇರೆ ಎಲ್ಲೇ ಆಗಲಿ ಅದು ಔಟ್. ಈ ಮೈದಾನದಲ್ಲಿ ಮಾತ್ರ ಕೊಂಬೆಗೆ ತಾಗಿದ ಚೆಂಡು ಕೆಳಗಿಳಿಯುವವರೆಗೆ ಆಟ ನಿಲ್ಲುವುದಿಲ್ಲ. ಮೆಡಿಕಲ್ ಶಾಪಿನವನು ಈಗೀಗ ಸೂರು ಇರುವ ಕ್ಲಬ್ಬಿನಲ್ಲಿ ಆಡುತ್ತಿದ್ದ. ಕೊಂಬೆಯ ಲೆಕ್ಕ ಮರೆತೇಬಿಟ್ಟಿದ್ದವನು, ಎಲೆಯ ಸದ್ದು ಕೇಳಿದ್ದೇ ಔಟ್ ಎಂದು ಕೂಗಿ, ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ. ಚೆಂಡು ಒಂದು ರೆಂಬೆಯಿಂದ ಇನ್ನೊಂದಕ್ಕೆ ಉರುಳಿತು, ಕ್ಷಣ ಯೋಚಿಸಿತು, ಆಮೇಲೆ ನೇರವಾಗಿ ಅವನ ಬೋಳು ನೆತ್ತಿಯ ಮೇಲೆ ಇಳಿದು ನೆಲಕ್ಕೆ ಜಾರಿತು.

"ಕೊಂಬೆ ನಿಯಮ ಮಾಡಿದ್ದು ಯಾರಪ್ಪ?" ಎಂದು ಮೇಷ್ಟ್ರು ತಣ್ಣಗೆ ಕೇಳಿದರು.

ಕ್ಯಾಪ್ಟನ್ನೇ ಎಂದು ಇಡೀ ಗೋಡೆ ಉತ್ತರ ಕೊಟ್ಟಿತು. ಪೋಸ್ಟ್‌ಮ್ಯಾನ್ ನಕ್ಕೂ ನಕ್ಕೂ ಟೈಲರ್‌ನ ತೊಡೆಯ ಮೇಲೆ ಬಿದ್ದರು. ಹುಡುಗರು ಕೆಂಡನನ್ನು ಹೆಗಲಿಗೇರಿಸಲು ಹೋಗಿ, ಭಾರ ತಡೆಯಲಾರದೆ ಎಲ್ಲರೂ ಒಟ್ಟಿಗೆ ಮಣ್ಣಿನಲ್ಲಿ ಬಿದ್ದು ಹೊರಳಾಡಿದರು.

ಮೆಡಿಕಲ್ ಶಾಪಿನವನು ನೆತ್ತಿ ಒರೆಸಿಕೊಳ್ಳುತ್ತ ಬಂದ. ನಗು ತಡೆಯಲು ಅವನಿಂದಲೂ ಆಗಿರಲಿಲ್ಲ. "ಮುಂದಿನ ವರ್ಷ ನಮ್ಮ ಕಡೆ ಆಡೋ. ಹತ್ತನೇ ಕ್ಲಾಸಿನ ನಿಯಮ ಇವತ್ತೇ ಕಿತ್ತುಹಾಕ್ತೀನಿ. ನೀನು ಹಳೇ ವಿದ್ಯಾರ್ಥಿನೇ, ಆಯ್ತಾ? ಏನಂತೀಯ?"

ಗೋಡೆಯ ಮೇಲಿದ್ದವರೆಲ್ಲ ಮುಂದಕ್ಕೆ ಬಾಗಿದರು. ಈಗ ಕೆಂಡ ಬಾಯಿ ಬಿಟ್ಟರೆ ಏನು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ವರ್ಷಗಳಿಂದ ಕಾಯಿಸಿಟ್ಟ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿದ್ದವು.

"ಒಂಬತ್ತನೇ ಕ್ಲಾಸಿನವರು ನೆಟ್ ಬಿಚ್ಚಿ ಒಳಗಿಡ್ರೋ," ಎಂದು ಅತ್ತ ಮೇಷ್ಟ್ರು ಗದರಿದರು.

ಕೆಂಡ ಬೆನ್ನು ತಿರುಗಿಸಿ ನಡೆದ. ಗಂಟು ಬಿಚ್ಚಿ, ನೆಟ್ಟಿನ ಒಂದು ತುದಿ ಹೆಗಲಿಗೆ ಹಾಕಿಕೊಂಡು, ಎತ್ತರದ ಪ್ರಕಾರ ಸಾಲಾಗಿ ಶಾಲೆಯೊಳಕ್ಕೆ ಹೊರಟ ಹುಡುಗರಲ್ಲಿ ಎಲ್ಲರಿಗಿಂತ ಕೊನೆಯವನಾಗಿ ಹೋದ.