ಶಾವಿಗೆ ಕಂಪನಿಯ ಕೀಲಿಕೈ

ಆ ಊರಿನಲ್ಲಿ ಕಂಪನಿಯನ್ನು ಮಾರುವಾಗ ಅದರ ಬಾಗಿಲಿನ ಕೀಲಿಕೈಯನ್ನು ತೂಗುತ್ತಿದ್ದರು. ಮುಂದಿನ ವರ್ಷಗಳ ಗಳಿಕೆಯೆಲ್ಲ ಅದರಲ್ಲೇ ಭಾರವಾಗಿ ಕೂತಿರುತ್ತಿತ್ತು. ತೂಗುವ ಕೆಲಸ ಸುಲೋಚನಮ್ಮನವರದು.

ಆ ದಿನ ಶಾವಿಗೆ ಕಂಪನಿಯ ಮಾಲೀಕರು ಫಳಫಳ ಹೊಳೆಯುವ ಕೀಲಿಕೈಯೊಂದನ್ನು ತಕ್ಕಡಿಗೆ ಹಾಕಿದರು. ತಟ್ಟೆ ಅಲುಗಲೇ ಇಲ್ಲ.

"ಮಷಿನ್ ಬಿಚ್ಚಿ ಮಾರಿ, ಬಾಗಲಾ ಹಾಕೋದ ಚಲೋ," ಎಂದರು ಕೊಳ್ಳಲು ಬಂದಿದ್ದ ಜಿಗಳೂರ ಸಾಹುಕಾರರು. ಹೊಸ್ತಿಲಲ್ಲಿ ನಿಂತಿದ್ದ, ಕಂಪನಿಯಲ್ಲಿ ಕೆಲಸ ಮಾಡುವ ಮೂವತ್ತು ಹೆಂಗಸರ ಮುಖ ಬಾಡಿತು.

ಸುಲೋಚನಮ್ಮ ಕೀಲಿಕೈಯನ್ನು ತಿರುಗಿಸಿ ನೋಡಿದರು. ಒಂದು ಗೀರೂ ಇಲ್ಲ. "ದಿನಾ ಬಾಗಲಾ ತಗಿಯೋರು ಯಾರ್ರೀ?"

"ನಮ್ಮ ಫಕೀರವ್ವ. ಆಕಿ ಕೀಲಿಕೈ ಸವದೈತಿ, ನೋಡಾಕ ಚಂದಿಲ್ಲಂತ ಲಾಕರಿನ್ಯಾಗಿಂದು ಹೊಸಾದು ತಂದೆ," ಎಂದರು ಮಾಲೀಕರು.

ಹೆಂಗಸರ ನಡುವಿನಿಂದ ಫಕೀರವ್ವ ಮುಂದೆ ಬಂದು, ಸೆರಗಿನ ಗಂಟು ಬಿಚ್ಚಿ ತನ್ನ ಕೀಲಿಕೈಯನ್ನು ತಕ್ಕಡಿಗೆ ಇಟ್ಟಳು. ತಟ್ಟೆ ಧೊಪ್ಪೆಂದು ಮೇಜಿಗೆ ಬಡಿಯಿತು.

ಇಷ್ಟು ವರ್ಷಗಳಲ್ಲಿ ಸುಲೋಚನಮ್ಮ ಅಂಥ ಭಾರ ಕಂಡಿರಲಿಲ್ಲ. "ಎಷ್ಟೊತ್ತಿಗೆ ತಗೀತೀ ಯವ್ವಾ?"

"ಏಳಕ್ರೀ. ಕೆಲಸ ಎಂಟಕ್ಕ. ಮೊದಲ ಬಸ್ಸಿಗೆ ಬರೋರು ಥಂಡ್ಯಾಗ ನಿಂದರಬಾರದಂತ ಚಹಾ ಇಟ್ಟಿರ್ತೀನ್ರೀ. ಹದಿನೆಂಟು ವರ್ಷಾತು, ಒಬ್ಬಾಕೀನೂ ಬಿಟ್ಟು ಹೋಗಿಲ್ರೀ."

ಸಾಹುಕಾರರು ಮಾರಲೆಂದು ಬರೆದು ತಂದಿದ್ದ ಮಷಿನ್‌ಗಳ ಪಟ್ಟಿಯನ್ನು ಮಡಚಿ ಕಿಸೆಗಿಟ್ಟರು. ಕೀಲಿಕೈಯನ್ನು ಎರಡೂ ಕೈಗಳಿಂದ ಎತ್ತಿ ಫಕೀರವ್ವನಿಗೇ ಕೊಟ್ಟು, "ನಾಳೆ ನನಗೂ ಒಂದ್ ಕಪ್ ಇಡವಾ," ಎಂದರು.